ಕುಬಸದ ಹಸಿರು ಉಗುರು

ಹೆದರಿಕೆ ಅಂದರೆ ಏನೆಂದು ನನಗೆ ಸರಿಯಾಗಿ ಗೊತ್ತಾದದ್ದು ನನ್ನದೇ ಕೈಯ ಉಗುರುಗಳಿಂದ. ಇದನ್ನು ಹೇಳಿದರೆ ಜನ ನಗುತ್ತಾರೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಮ್ಮೆ ಹೇಳಿ ಎಲ್ಲರನ್ನೂ ನಗಿಸಿದ್ದೇನೆ. ನಕ್ಕವರ ಮೇಲೆ ಸಿಟ್ಟಿಲ್ಲ, ಯಾಕೆಂದರೆ ನಾನು ಅವರಿಗೆ ಹೇಳಿದ್ದು ಅರ್ಧ ಕಥೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಹುಮನಾಬಾದ್, ಕೊಟ್ಟಿದ್ದು ಬಸವಕಲ್ಯಾಣಕ್ಕೆ. ಬಸ್ಸಿನಲ್ಲಿ ಕೂತು ಒಂದು ಕಿರುನಿದ್ದೆ ತೆಗೆದು ಏಳುವಷ್ಟರಲ್ಲಿ ಒಂದು ಮನೆಯಿಂದ ಇನ್ನೊಂದು ಮನೆ ಬರುತ್ತದೆ. ನನ್ನ ಗಂಡ ಹೆದ್ದಾರಿಯ ಬದಿಯಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಕೆಲಸ ಮಾಡಿಸುತ್ತಾರೆ. ಸಂಜೆ ಅವರಿಗಿಂತ ಮೊದಲು ಥಿನ್ನರ್ ವಾಸನೆ ಮನೆಯೊಳಗೆ ಬರುತ್ತದೆ. ಅಂಗಳದ ಬಚ್ಚಲಲ್ಲಿ ಮೈ ತೊಳೆದುಕೊಂಡೇ ಹೊಸ್ತಿಲು ದಾಟಬೇಕು ಎಂದು ನಾನು ಕಾನೂನು ಮಾಡಿದ್ದೇನೆ. ಅದು ನನ್ನ ದಿಮಾಕು ಅಂತ ಅವರ ಗೆಳೆಯರು ತಿಳಿದಿದ್ದಾರೆ. ನಿಜವೆಂದರೆ ನನಗೆ ಸಣ್ಣಂದಿನಿಂದ ದಮ್ಮು. ಬಣ್ಣ, ಥಿನ್ನರ್, ಊದುಬತ್ತಿ, ಮೆಣಸಿನಕಾಯಿ ಹುರಿದ ಘಾಟು, ಯಾವುದು ಮೂಗಿಗೆ ಬಡಿದರೂ ಎದೆ ಸೀಟಿ ಹೊಡೆಯತೊಡಗುತ್ತದೆ.

ಮನೆಯಲ್ಲಿ ಇನ್ನಿಬ್ಬರು, ನನ್ನ ನಾದಿನಿ ಮತ್ತು ಅತ್ತೆ. ನಾದಿನಿ ಕಲಬುರಗಿಯಲ್ಲಿ ಕಲಿತು ಬಂದು ಮನೆಯ ಮುಂದಿನ ಕೋಣೆಯಲ್ಲಿ ಪಾರ್ಲರ್ ಇಟ್ಟಿದ್ದಾಳೆ. ಹುಬ್ಬು ತಿದ್ದುತ್ತಾಳೆ, ಮದುಮಗಳನ್ನು ಸಿಂಗರಿಸುತ್ತಾಳೆ, ಈಗೀಗ ಉಗುರಿನ ಕೆಲಸವನ್ನೂ ಶುರು ಮಾಡಿದ್ದಾಳೆ. ಅತ್ತೆ ಮಾತು ಕಡಿಮೆಯ ಹೆಂಗಸು. ಮಾವ ತೀರಿಕೊಂಡು ಬಹಳ ವರ್ಷವಾಗಿದೆ. ನಾನು ಆ ಮನೆಗೆ ಕಾಲಿಟ್ಟಾಗಿನಿಂದ ಅವರ ಮುಂಗೈಯನ್ನು ಬರಿದಾಗಿಯೇ ನೋಡಿದ್ದೇನೆ. ನಮ್ಮದು ಶರಣರ ಊರು ಎಂದು ಹೊರಗಿನವರ ಮುಂದೆ ಎದೆಯುಬ್ಬಿಸಿ ಹೇಳುತ್ತೇವೆ. ಮುಂಜಾನೆ ವಚನ ಹೇಳಿದ ಬಾಯಿಯೇ ಮಧ್ಯಾಹ್ನ ಶುಭಕಾರ್ಯದಲ್ಲಿ ಗಂಡ ಸತ್ತವಳಿಗೆ, ನೀ ಜರಾ ಅಡುಗಿಮನ್ಯಾಗ ನೋಡ್ಕೋ ಅನ್ನುತ್ತದೆ. ಅತ್ತೆ ಹಾಗೆ ಅನ್ನಿಸಿಕೊಳ್ಳುವ ಮೊದಲೇ ಅಡುಗೆಮನೆಗೆ ಹೋಗಿಬಿಡುತ್ತಾರೆ.

ನನ್ನ ಮೊದಲ ಬಸುರಿನಲ್ಲಿ ಏಳನೆಯ ತಿಂಗಳಿಗೆ ಕುಬಸ ಮಾಡಿದ್ದರು. ಕುಬಸ ಅಂದರೆ ನಮ್ಮ ಕಡೆ ಬಸುರಿಗೆ ಹಸಿರು ಸೀರೆ ಉಡಿಸಿ, ಮುಂಗೈ ತುಂಬ ಹಸಿರು ಗಾಜಿನ ಬಳೆ ತೊಡಿಸಿ, ಐದು ಜನ ಮುತ್ತೈದೆಯರು ಉಡಿ ತುಂಬುವ ಕಾರ್ಯ. ಆ ಬಳೆಗಳನ್ನು ಹೆರಿಗೆಯಾಗುವವರೆಗೆ ತೆಗೆಯುವ ಹಾಗಿಲ್ಲ. ಆದರೆ ನನ್ನ ಕೈ ಬಾತುಕೊಂಡಿತು. ಬಳೆಗಳು ಚರ್ಮದಲ್ಲಿ ಹೂತು ನೋಯತೊಡಗಿದಾಗ ನನ್ನ ಅವ್ವ ಸಾಬೂನು ಹಚ್ಚಿ ಒಂದೊಂದಾಗಿ ಜಾರಿಸಿ ತೆಗೆದಳು. ಅದೇ ವಾರ ಹೊಟ್ಟೆಯೊಳಗೆ ಕೂಸು ಅಲುಗುವುದು ನಿಂತಿತು.

ಬಿಪಿ ಏರಿದ್ದರಿಂದ ಹೀಗಾಯಿತು, ಕೈ ಬಾತದ್ದೂ ಅದರಿಂದಲೇ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ನನಗೆ ಅರ್ಥವಾಯಿತು. ಆದರೆ ಅರ್ಥವಾದದ್ದು ತಲೆಗೆ, ಹೊಟ್ಟೆಗಲ್ಲ. ಅವ್ವನಿಗಂತೂ ತಲೆಗೂ ಆಗಲಿಲ್ಲ. ಅವಳು ಅಂದಿನಿಂದ ನನ್ನ ಕೈ ಮುಟ್ಟುವುದನ್ನೇ ಬಿಟ್ಟಳು. ಚಹಾ ಕೊಡುವಾಗಲೂ ಕಪ್ಪನ್ನು ನೆಲದ ಮೇಲಿಟ್ಟು ನನ್ನ ಕಡೆ ಸರಿಸುತ್ತಿದ್ದಳು.

ಎರಡನೆಯ ಸಲ ಬಸುರಾದಾಗ ಕುಬಸದ ಮಾತನ್ನು ಯಾರೂ ಎತ್ತಲಿಲ್ಲ. ಏಳು ತಿಂಗಳು ದಾಟಿತು, ಎಂಟು ದಾಟಿತು. ಒಂಬತ್ತರಲ್ಲಿ ಡಾಕ್ಟರ್ ಎಲ್ಲ ಸರಿ ಇದೆ ಅಂದ ಮೇಲೆ, ಬಸವಕಲ್ಯಾಣದ ಮನೆಯಲ್ಲೇ ಸಣ್ಣದಾಗಿ ಮಾಡಿಬಿಡೋಣ ಅಂತ ಹಿರಿಯರು ಧೈರ್ಯ ಮಾಡಿದರು. ಬಳೆಗಾರನಿಗೆ ನಾನೇ ಹೇಳಿಕಳಿಸಿದೆ, ನನ್ನ ಅಳತೆಗಿಂತ ದೊಡ್ಡ ಬಳೆ ತಾ ಅಂತ. ತೊಡಿಸಲು ಬಂದಾಗ ಅವನು ಅವ್ವನ ಮುಖ ನೋಡಿದ, ಅವ್ವ ಗೋಡೆ ನೋಡಿದಳು.

ಉಗುರಿನ ಯೋಚನೆ ನಾದಿನಿಯದು. "ವೈನಿ, ಸೀರಿ ಹಸರ, ಬಳಿ ಹಸರ, ಉಗುರೂ ಹಸರ ಮಾಡಿಬಿಡೋಣು. ಫೋಟೋದಾಗ ಭಾಳ ಚಂದ ಬರ್ತದ" ಅಂದಳು. ಮಾಳಿಗೆಯ ಮೇಲೆ ಗಾಳಿಯಲ್ಲಿ ಕೂಡಿಸಿ, ನನ್ನ ಮೂಗಿಗೆ ಮಾಸ್ಕ್ ಹಾಕಿ, ನನ್ನ ಮೊಂಡು ಉಗುರುಗಳ ಮೇಲೆ ಜೆಲ್ ಹಚ್ಚಿ ಉದ್ದ ಮಾಡಿ, ಪುಟ್ಟ ನೀಲಿ ದೀಪದ ಕೆಳಗೆ ಕೈ ಇಡಿಸಿ ಗಟ್ಟಿ ಮಾಡಿದಳು. ಎಳೆ ಬೇವಿನೆಲೆಯ ಹಸಿರು. ನನಗೂ ಇಷ್ಟವಾಯಿತು. ಬಹಳ ದಿನಗಳ ಮೇಲೆ ನನ್ನ ಕೈಯನ್ನು ನಾನೇ ತಿರುಗಿಸಿ ತಿರುಗಿಸಿ ನೋಡಿಕೊಂಡೆ.

ಕುಬಸದಲ್ಲಿ ಎಡವಟ್ಟಾಯಿತು. ಮೊದಲು ಅರಿಷಿಣ ಕುಂಕುಮ ಹಚ್ಚಲು ಕೂತವಳು ನಮ್ಮ ಓಣಿಯ ಹಿರಿಯ ಮುತ್ತೈದೆ, ಕಣ್ಣಿಗೆ ಪೊರೆ ಬಂದ ಮುದುಕಿ. ಬಳೆಗಳಿಗೆ ಹಚ್ಚುತ್ತ ಹಚ್ಚುತ್ತ ಅವಳ ಬೆರಳು ನನ್ನ ಉಗುರಿಗೂ ಬಂತು. ಒಂದೊಂದನ್ನೂ ಸವರಿ ನೋಡಿ ಕುಂಕುಮ ಇಟ್ಟಳು.

"ಅಜ್ಜಿ, ಅವು ಬಳಿ ಅಲ್ಲ, ಉಗುರು" ಎಂದು ನಾದಿನಿ ನಕ್ಕಳು.

"ಇರಲಿ ಬಿಡವ್ವ. ಇವೂ ಹಸರೇ ಅದಾವಲ್ಲ. ಬಳಿ ಸಂಗಾಟ ಇವೂ ಇರಲಿ. ಹಡದ ಮ್ಯಾಲೇ ತಗೀಬೇಕು ನೋಡು. ಅದರ ಮೊದಲ ತಗದ್ರ ಚಲೋ ಅಲ್ಲ" ಅಂದಳು ಮುದುಕಿ.

ಎಲ್ಲರೂ ನಕ್ಕರು. ಹಿರಿಯವಳು ಇಟ್ಟಿದ್ದಾಳೆ, ನಾವು ಇಡದಿದ್ದರೆ ಹೇಗೆ ಎಂದು ಎರಡನೆಯವಳೂ ಉಗುರಿಗೆ ಕುಂಕುಮ ಇಟ್ಟಳು. ಮೂರನೆಯವಳು ಇಟ್ಟಾಗ ನಗು ಕಡಿಮೆಯಾಗಿತ್ತು. ಐದನೆಯವಳ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಕಣ್ಣು ಕಾಣದ ಮುದುಕಿಯ ತಪ್ಪೊಂದು ನಮ್ಮೆಲ್ಲರ ಕಣ್ಣೆದುರಿಗೇ ಶಾಸ್ತ್ರವಾಗಿ ಕೂತಿತು. ಅವ್ವ ಮಾತ್ರ ನನ್ನ ಉಗುರುಗಳನ್ನು ಹಾವು ನೋಡಿದ ಹಾಗೆ ನೋಡುತ್ತಿದ್ದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತು ನೋಡಿ ಒಳಗೆ ಹೋದರು.

ಅದಾದ ಮೇಲೆ ವಾಡಿಕೆಯಂತೆ ಅವ್ವನ ಜೊತೆ ಹುಮನಾಬಾದಿಗೆ ಬಂದೆ. ದಿನ ಹತ್ತಿರ ಬಂದಾಗ ಅಲ್ಲಿಯ ಆಸ್ಪತ್ರೆಗೆ ತೋರಿಸಲು ಹೋದೆವು. ಬಿಪಿ ಮತ್ತೆ ಏರುತ್ತಿತ್ತು, ಕೂಸು ಕಾಲು ಕೆಳಗೆ ಮಾಡಿ ಕೂತಿತ್ತು. ಕಾಯುವುದು ಬೇಡ, ನಾಳೆ ಮುಂಜಾನೆ ಆಪರೇಷನ್ ಎಂದು ಡಾಕ್ಟರ್ ಹೇಳಿದರು. ಆಮೇಲೆ ನರ್ಸ್ ನನ್ನ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿ ಯಂತ್ರ ನೋಡಿದಳು. ಅಂಕಿ ಒಮ್ಮೆ ಬಂತು, ಒಮ್ಮೆ ಹೋಯಿತು, ಬಂದದ್ದು ತೀರ ಕಡಿಮೆ. ಅವಳು ಕ್ಲಿಪ್ಪನ್ನು ನನ್ನ ಕಿವಿಗೆ ಸಿಕ್ಕಿಸಿ ನೋಡಿ, ಸರಿ ಇದೆ ಎಂದು ತಲೆಯಾಡಿಸಿ, ಆಮೇಲೆ ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು.

"ಇದೇನ್ರಿ ಮೇಡಂ, ಜೆಲ್ ಏನು? ನಿಮಗ ಮೊದಲೇ ದಮ್ಮು ಅದ. ಆಪರೇಷನ್ ನಡದಾಗ ಉಸಿರು ಹ್ಯಾಂಗ ಅದ ಅಂತ ನಮಗ ಬೆರಳ ಮ್ಯಾಲೇ ಗೊತ್ತಾಗಬೇಕು. ಉಗುರಿನ ಬಣ್ಣ ಕಾಣಬೇಕು. ನಾಳಿ ಬರುವಾಗ ಎಲ್ಲಾ ತಗದು ಬರ್ರಿ."

"ಒಂದು ಬೆರಳಿಂದು ತಗದ್ರ ನಡೀತದೇನ್ರಿ?" ಎಂದೆ. ಸಂತೆಯಲ್ಲಿ ಬದನೆಕಾಯಿ ಕೇಳಿದ ಹಾಗಿತ್ತು ನನ್ನ ದನಿ.

"ಎಲ್ಲಾ ತಗೀಬೇಕ್ರಿ. ಹಂಗಂತ ಕಿತ್ತಬ್ಯಾಡ್ರಿ ಮತ್ತ, ಉಗುರು ಹರದು ರಕ್ತ ಬಂದ್ರ ಅದೊಂದು ಬ್ಯಾರೆ ಆಗ್ತದ."

ಅವ್ವ ಪಕ್ಕದಲ್ಲೇ ಇದ್ದಳು. ಆಟೋದಲ್ಲಿ ಮನೆಗೆ ಬರುವವರೆಗೆ ನನ್ನ ತಲೆಯಲ್ಲಿ ಎರಡು ದನಿಗಳಿದ್ದವು. ತೆಗೆಯದಿದ್ದರೆ ಆಪರೇಷನ್ ಮೇಜಿನ ಮೇಲೆ ನನ್ನ ಉಸಿರು ನಿಂತರೂ ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಂದು ಹೇಳುತ್ತಿತ್ತು. ತೆಗೆದರೆ ಹೋದ ಸಲದ ಹಾಗೇ ಆಗುತ್ತದೆ ಎಂದು ಇನ್ನೊಂದು. ಎರಡನೆಯದು ಮೂರ್ಖರ ಮಾತು ಎಂದು ಗೊತ್ತಿತ್ತು. ಗೊತ್ತಿದ್ದರೂ ಅದೇ ದೊಡ್ಡದಾಗಿ ಕೇಳುತ್ತಿತ್ತು. ನಾನು ಉಗುರುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತೆ.

ಫೋನ್ ಮಾಡಿದ ಮೇಲೆ ನಾದಿನಿ ತನ್ನ ಸಾಮಾನಿನ ಪೆಟ್ಟಿಗೆ ಹಿಡಿದು ಬಸವಕಲ್ಯಾಣದಿಂದ ಬಸ್ಸಿಗೆ ಬಂದಳು. ಜೊತೆಗೆ ಅತ್ತೆಯೂ ಬಂದರು. ಅವರನ್ನು ಯಾರೂ ಕರೆದಿರಲಿಲ್ಲ. ಕೈಯಲ್ಲಿ ಒಂದು ಚೀಲ, ಅದರಲ್ಲಿ ಕುಸುಬೆ ಎಣ್ಣೆಯ ಬಾಟಲಿ ಮತ್ತು ಹಳೆಯ ಮೆತ್ತನೆಯ ಸೀರೆಯ ತುಂಡುಗಳು. ಬಾಣಂತಿಗೆ ಬೇಕಾಗುತ್ತದೆಂದು ತಂದಿದ್ದರು. ನನ್ನ ಗಂಡ ಫೋನಿನಲ್ಲಿ, "ನಮ್ಮ ಕಡೆ ಥಿನ್ನರ್ ಅದ, ಲಾರಿ ಬಣ್ಣಾನೇ ಹೋಗ್ತದ, ಉಗುರಿಂದೇನು. ಒಂದು ಡಬ್ಬಿ ತರ್ಲೇನು?" ಎಂದರು. ಆ ಮನುಷ್ಯನಿಗೆ ಈ ಲೋಕದ ಯಾವ ತೊಂದರೆಗಾದರೂ ಥಿನ್ನರೇ ಮದ್ದು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅಂದು ಫೋನು ಇಟ್ಟುಬಿಟ್ಟೆ.

ನಾದಿನಿ ಅಸಿಟೋನ್ ಬಾಟಲಿಯ ಮುಚ್ಚಳ ತೆರೆದಳು. ಕಿಟಕಿ ಬಾಗಿಲು ಎಲ್ಲ ತೆರೆದಿತ್ತು, ನನ್ನ ಮೂಗಿಗೆ ಮಾಸ್ಕ್ ಇತ್ತು. ಆದರೂ ಆ ವಾಸನೆ ಗಂಟಲಿಗೆ ಇಳಿದದ್ದೇ ತಡ, ಕೆಮ್ಮು ಹಿಡಿಯಿತು. ಕೆಮ್ಮಿದ ಹಾಗೆಲ್ಲ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಅವಳು ಮುಚ್ಚಳ ಹಾಕಿ ಬಾಟಲಿಯನ್ನು ಅಂಗಳದಾಚೆ ಇಟ್ಟು ಬಂದಳು. ನಾನು ಪಂಪಿನ ಔಷಧಿ ಎಳೆದುಕೊಂಡು ಗೋಡೆಗೆ ಒರಗಿದೆ. ಉಸಿರು ತಹಬಂದಿಗೆ ಬಂದ ಮೇಲೆ ಅವಳು ಪೆಟ್ಟಿಗೆಯಿಂದ ಉಗುರು ಉಜ್ಜುವ ಮಿಷಿನ್ ತೆಗೆದು, ಮತ್ತೆ ತಾನೇ ಒಳಗಿಟ್ಟಳು. ಅದರಿಂದ ಏಳುವ ಧೂಳು ಅಸಿಟೋನಿಗಿಂತ ಕೆಟ್ಟದು.

"ಹಂಗಾದ್ರ ಕೈಲೇ ತಗೀಬೇಕು ವೈನಿ" ಎಂದಳು. "ತುದಿ ಕತ್ತರಿಸಿ, ಮ್ಯಾಲಿನ ಪದರ ಅರದಿಂದ ಸವಿಸಿ ತೆಳ್ಳಗ ಮಾಡಬೇಕು. ಧೂಳು ಏಳಬಾರದು ಅಂತ ಹಸಿ ಮಾಡ್ಕೊಂತ ಸವಿಸಬೇಕು. ಆಮ್ಯಾಲ ಬೆಚ್ಚನ ನೀರಾಗ ಸಾಬಾಣ ಹಾಕಿ ಬೆರಳು ನೆನಿಸಿ, ಅಂಚಿಗೆ ಎಣ್ಣಿ ಬಿಟ್ಟು, ಕಟಗಿ ಕಡ್ಡಿಲಿಂದ ಹಗೂರ ಎಬ್ಬಿಸಬೇಕು. ಬರಲಿಲ್ಲಂದ್ರ ಮತ್ತ ಸವಿಸಬೇಕು, ಮತ್ತ ನೆನಿಸಬೇಕು. ಜಲ್ದಿ ಮಾಡಿದ್ರ ಉಗುರು ಕಿತ್ತ ಬರ್ತದ."

ಇಷ್ಟು ಹೇಳಿ ಅವಳು ಉಗುರು ತಿಕ್ಕುವ ಅರ ಕೈಗೆತ್ತಿಕೊಂಡಳು. ಅದೇ ಹೊತ್ತಿಗೆ ಅವ್ವ ಒಳಕೋಣೆಯಲ್ಲಿ ಅಳುವುದು ಕೇಳಿಸಿತು. ಬಾಯಿಗೆ ಸೆರಗು ತುರುಕಿಕೊಂಡು ಅಳುವ ಅಳು. ಊರಿನ ಹುಡುಗಿಯರ ಉಗುರುಗಳನ್ನೆಲ್ಲ ಹಚ್ಚಿ ತೆಗೆಯುವವಳು, ಗಟ್ಟಿಗಿತ್ತಿ ನಾದಿನಿ ಅರವನ್ನು ಕೆಳಗಿಟ್ಟಳು.

"ವೈನಿ, ನನ್ನ ಕೈ ನಡಗಾಕತ್ತಾವ. ಕುಂಕುಮ ಹಚ್ಚಿದ್ದು ನಾನೂ ನೋಡೇನಿ. ನಾಳಿ ಏನರ ಆದ್ರ ನಾ ಹ್ಯಾಂಗ ಬದುಕಲಿ? ನೀವೇ ತಗೀರಿ, ನಾ ಹೇಳ್ತೀನಿ."

ನನಗೆ ನನ್ನ ಕೈಯಿಂದ ತೆಗೆಯಲು ಧೈರ್ಯವಿರಲಿಲ್ಲ. ಅವ್ವನನ್ನು ಕರೆದೆ. ಅವಳು ಬಂದು ಬಾಗಿಲ ಚೌಕಟ್ಟಿಗೆ ಆತುಕೊಂಡು ನಿಂತಳು, ಒಳಗೆ ಕಾಲಿಡಲಿಲ್ಲ.

"ನಾ ಮುಟ್ಟಂಗಿಲ್ಲ ಮಗಳ. ಒಮ್ಮೆ ಮುಟ್ಟಿ ಸಾಕಾಗ್ಯದ. ನನ್ನ ಕೈ ಚಲೋ ಇಲ್ಲ."

ಅಷ್ಟು ದಿನ ನೆಲದ ಮೇಲೆ ಸರಿಸಿದ ಚಹಾದ ಕಪ್ಪುಗಳು ಹೇಳುತ್ತಿದ್ದದ್ದನ್ನು ಅವಳ ಬಾಯಿ ಮೊದಲ ಸಲ ಹೇಳಿತು. ಅಷ್ಟರಲ್ಲಿ ಒಲೆಯ ಹತ್ತಿರ ಕೂತಿದ್ದ ಅತ್ತೆ ಎದ್ದು ಬಂದರು.

"ಕೈ ಚಲೋ ಇಲ್ಲ ಅಂತ ನಿಮಗ್ಯಾರು ಅಂದಾರ, ಅಕ್ಕಾರ? ನನಗ ಅಂದಾರ, ನಿಮಗಲ್ಲ" ಎಂದರು. ದನಿ ಏರಿರಲಿಲ್ಲ. "ಸರೀರಿ ಎಲ್ಲಾರು. ನಾ ತಗೀತೀನಿ. ಏನರ ಹೋಗೂದು ಇತ್ತಂದ್ರ ನನ್ನಿಂದ ಹೋಗಲಿ. ನನ್ನ ಕಡೀಂದ ಕಸಗೊಂಡು ಹೋಗಾಕ ಏನೂ ಉಳದಿಲ್ಲ."

ಅವರು ನನ್ನ ಮುಂದೆ ಚಾಪೆಯ ಮೇಲೆ ಕೂತು ನನ್ನ ಬಲಗೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಒಪ್ಪಿಕೊಳ್ಳುತ್ತೇನೆ, ಆ ಬರಿಗೈ ನೋಡಿ ನನಗೂ ಹೆದರಿಕೆಯಾಯಿತು. ಪಾಠ ಮಾಡುವಾಗ ಮೂಢನಂಬಿಕೆಯ ಮೇಲೆ ಒಂದು ತಾಸು ಮಾತಾಡುವವಳು ನಾನು. ಆದರೂ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸಿತು. ಎಳೆದುಕೊಳ್ಳಲಿಲ್ಲ, ಯಾಕೆಂದರೆ ಅವರ ಹಿಡಿತ ಬಿಗಿಯಾಗಿತ್ತು. ಅದೊಂದೇ ಕಾರಣ.

ಅತ್ತೆ ಹಸಿ ಬಟ್ಟೆಯನ್ನು ನನ್ನ ಮೂಗು ಬಾಯಿಗೆ ಕಟ್ಟಿದರು. ಹೆಬ್ಬೆರಳಿನ ತುದಿ ಕತ್ತರಿಸಿ, ಮೇಲೆ ನೀರು ಚಿಮುಕಿಸಿ, ಅರದಿಂದ ಸವೆಸತೊಡಗಿದರು. ನಾದಿನಿ ಪಕ್ಕದಲ್ಲಿ ಕೂತು, ಇಷ್ಟು ಸಾಕು, ಇನ್ನ ಬ್ಯಾಡ, ಕೆಳಗ ಖರೆ ಉಗುರು ಬಂತು ಎಂದು ಹೇಳುತ್ತಿದ್ದಳು. ಹಸಿರು ರಾಡಿ ಬಟ್ಟೆಗೆ ಇಳಿಯಿತು. ಅದರಲ್ಲಿ ಕುಂಕುಮದ ಕೆಂಪು ಎಲ್ಲಿಯೂ ಇರಲಿಲ್ಲ, ಅದು ಎಂದೋ ತೊಳೆದು ಹೋಗಿತ್ತು. ನನ್ನ ಕಣ್ಣಿಗೆ ಮಾತ್ರ ಕೆಂಪೇ ಕಾಣುತ್ತಿತ್ತು. ಬೋಗುಣಿಯ ಸಾಬೂನಿನ ನೀರಿನಲ್ಲಿ ಬೆರಳು ನೆನೆಸಿದರು. ನೀರು ಆರಿದಾಗ ಅವ್ವ ಒಲೆಯಿಂದ ಬಿಸಿ ನೀರು ತಂದು ಬಾಗಿಲ ಹತ್ತಿರ ಇಟ್ಟು ಹೋಗುತ್ತಿದ್ದಳು. ಅತ್ತೆ ಅಂಚಿಗೆ ಕುಸುಬೆ ಎಣ್ಣೆ ಬಿಟ್ಟು, ಬೇವಿನ ಕಡ್ಡಿಯನ್ನು ಚಪ್ಪಟೆ ಮಾಡಿ ಹೆಬ್ಬೆರಳಿನ ಅಂಚಿನಲ್ಲಿ ತೂರಿಸಿದರು. ಒಂದು ಮೂಲೆ ಎದ್ದಿತು. ಅವರು ಎಳೆಯಲಿಲ್ಲ. ಮತ್ತೆ ನೀರು, ಮತ್ತೆ ಎಣ್ಣೆ. ಬಹಳ ಹೊತ್ತಿನ ಮೇಲೆ ಅದು ಹುರಿದ ಶೇಂಗಾದ ಸಿಪ್ಪೆಯಂತೆ ಕಳಚಿ ಬಂತು.

ಕಳಚಿದ್ದೇ ತಡ, ನನ್ನ ಎಡಗೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಕೂಸು ಒದೆಯಿತು. ನಾನು ಉಸಿರು ಬಿಟ್ಟೆ. ಪ್ರತಿ ಉಗುರಿಗೂ ಹೀಗೇ ಆಯಿತು. ಕಡ್ಡಿ ತೂರುವಾಗ ಉಸಿರು ಬಿಗಿಹಿಡಿಯುವುದು, ಕಳಚಿದ ಮೇಲೆ ಹೊಟ್ಟೆ ಮುಟ್ಟಿ ನೋಡುವುದು. ನಡುಬೆರಳಲ್ಲಿ ನಾನೇ ಅವಸರಕ್ಕೆ ಕೈ ಜಗ್ಗಿದ್ದರಿಂದ ಉಗುರಿನ ತೆಳು ಪದರವೊಂದು ಜೊತೆಗೇ ಎದ್ದು ಬಂತು. ರಕ್ತ ಬರಲಿಲ್ಲ, ಆದರೆ ಕೆಳಗಿನ ಗುಲಾಬಿ ಬಣ್ಣ ಕಂಡು ನಾನು ಸಣ್ಣ ಹುಡುಗಿಯ ಹಾಗೆ ಅತ್ತುಬಿಟ್ಟೆ. ಅತ್ತೆ ಅದರ ಮೇಲೆ ಊದಿ, ಎಣ್ಣೆ ಹಚ್ಚಿ, ಮುಂದಿನ ಬೆರಳು ಹಿಡಿದರು.

ಬಲಗೈ ಮುಗಿಯಿತು. ನಾನು ಹೊಟ್ಟೆ ಮುಟ್ಟಿಕೊಂಡೆ. ಕೂಸು ಅಲುಗಲಿಲ್ಲ.

ಕೈ ಈ ಕಡೆ ಇಟ್ಟೆ, ಆ ಕಡೆ ಇಟ್ಟೆ, ಒತ್ತಿದೆ. ಇಲ್ಲ. "ಅತ್ತಿ, ಅಲಗವಲ್ಲದ್ರಿ" ಎಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ಅವ್ವ ಬಾಗಿಲಲ್ಲೇ ಕುಸಿದು ಕೂತಳು. ಹೋದ ಸಲ ನಾನು ಅವಳಿಗೆ ಹೇಳಿದ್ದೂ ಇದೇ ಮಾತು. ಕೋಣೆಯ ತುಂಬ ಹೆದರಿಕೆ ಹೊಗೆಯಂತೆ ಹಬ್ಬಿತು. ನಾದಿನಿ ಎದ್ದು ಚಪ್ಪಲಿ ಮೆಟ್ಟಿಕೊಂಡಳು, ಎಲ್ಲಿಗೆ ಹೋಗಬೇಕು ಎಂದು ತಿಳಿಯದೆ ಅಲ್ಲೇ ನಿಂತಳು.

ಅತ್ತೆಯ ಮುಖವೂ ಬಿಳಿಚಿತ್ತು. ನಾನು ನೋಡಿದೆ. ಆದರೂ ಅವರ ಕೈ ನಿಲ್ಲಲಿಲ್ಲ. ನನ್ನನ್ನು ಎಡ ಮಗ್ಗುಲಿಗೆ ಮಲಗಿಸಿದರು. ಅವ್ವನ ಅಡುಗೆಮನೆಯಲ್ಲಿ ತಾವೇ ಡಬ್ಬಿ ಹುಡುಕಿ ಬೆಲ್ಲದ ನೀರು ಮಾಡಿ ತಂದು ಕುಡಿಸಿದರು. ಮಗಳಿಗೆ, "ಆಟೋ ಕರದು ಬಾಗಿಲಿಗೆ ನಿಂದ್ರಸು. ಜರಾ ನೋಡೋಣು, ಅಲಗಲಿಲ್ಲಂದ್ರ ಹಿಂಗೇ ಎದ್ದು ದವಾಖಾನಿಗೆ ಹೋಗೂದು" ಎಂದರು. ಆಮೇಲೆ ನನ್ನ ಹೊಟ್ಟೆಯ ಮೇಲೆ ತಮ್ಮ ಬರಿಗೈ ಇಟ್ಟು ಬಾಗಿ ಮಾತಾಡಿದರು.

"ಏನವ್ವಾ, ಏನಪಾ, ಯಾರ ಇದ್ದೀಯೋ ನನಗ ಗೊತ್ತಿಲ್ಲ. ನಾ ನಿಮ್ಮಜ್ಜಿ. ಉಗುರು ತಗದಾಕಿ ನಾನು, ನಿಮ್ಮವ್ವ ಅಲ್ಲ. ಸಿಟ್ಟಿದ್ರ ನನ್ನ ಮ್ಯಾಲ ಇರಲಿ. ಒಮ್ಮೆ ಅಲಗು."

ಹೊರಗೆ ಆಟೋ ಬಂದು ನಿಂತ ಸದ್ದು ಕೇಳಿತು. ನಾನು ಏಳಲು ಮೊಣಕೈ ಊರಿದೆ. ಆಗ ಅತ್ತೆಯ ಅಂಗೈಯ ಕೆಳಗೆ ಕೂಸು ಒದೆಯಿತು. ಒಮ್ಮೆ, ಸ್ವಲ್ಪ ತಡೆದು ಮತ್ತೊಮ್ಮೆ, ಆಮೇಲೆ ನಿದ್ದೆಯಿಂದ ಎಬ್ಬಿಸಿದ್ದಕ್ಕೆ ಸಿಟ್ಟು ಬಂದ ಹಾಗೆ ಮೇಲಿಂದ ಮೇಲೆ. ಅತ್ತೆ ಕೈ ತೆಗೆಯದೆ ಹಾಗೇ ಕೂತಿದ್ದರು. ಅವರು ಅಳುತ್ತಿದ್ದಾರೆ ಎಂದು ನನಗೆ ಗೊತ್ತಾದದ್ದು ನನ್ನ ಹೊಟ್ಟೆಯ ಮೇಲೆ ಹನಿ ಬಿದ್ದಾಗ.

ಆಟೋದವನು ಹಾರ್ನ್ ಹೊಡೆದ. ನಾದಿನಿ ಅವನನ್ನು ಕಳಿಸಿ ಬಂದಳು. ಅತ್ತೆ ಕಣ್ಣೊರೆಸಿಕೊಂಡು, "ಎಡಗೈ ಕೊಡವ್ವ" ಎಂದರು.

ಎಡಗೈಯೂ ಮುಗಿದಾ‌ಗ ಬಿಸಿಲು ಇಳಿದಿತ್ತು. ನನ್ನ ಉಗುರುಗಳು ಹೊಳಪಿಲ್ಲದೆ, ಗೀರು ಗೀರಾಗಿ, ಕಾಯಿಲೆ ಬಿದ್ದವರ ಉಗುರಿನಂತಿದ್ದವು. ಅತ್ತೆ ಎಣ್ಣೆ ತಿಕ್ಕಿ ಒಂದೊಂದನ್ನೂ ಒರೆಸಿದರು. ಕಳಚಿದ ಹಸಿರು ಚೂರುಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಎಲ್ಲಿಯೋ ಇಟ್ಟರು.

ಮರುದಿನ ಮುಂಜಾನೆ ಆಸ್ಪತ್ರೆಯಲ್ಲಿ ನರ್ಸ್ ಕ್ಲಿಪ್ ಹಾಕಿ, ಅಂಕಿ ನೋಡಿ, "ಈಗ ಬೇಷ್" ಎಂದಳು. ನನ್ನ ಜೀವ ಒಂದಿಷ್ಟು ಕೆಳಗಿಳಿಯಿತು. ಆಪರೇಷನ್ ಕೋಣೆಯ ಬಾಗಿಲಲ್ಲಿ ಅವಳು ನನ್ನ ಮುಂಗೈ ನೋಡಿ, "ಬಳೀನೂ ತಗೀಬೇಕ್ರಿ" ಎಂದಳು. ಇದು ಬರುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಮರೆತ ಹಾಗೆ ಇದ್ದೆವು. ಅವ್ವ ಹಿಂದೆ ಸರಿದಳು. ನಾನು ಯಾರನ್ನೂ ನೋಡದೆ ಎರಡೂ ಕೈಯನ್ನು ಅತ್ತೆಯ ಮುಂದೆ ಚಾಚಿದೆ. ದೊಡ್ಡ ಅಳತೆಯ ಬಳೆಗಳು, ಆದರೂ ಬಾತ ಕೈಯಲ್ಲಿ ಬಿಗಿದಿದ್ದವು. ಅತ್ತೆ ಎಣ್ಣೆ ಹಚ್ಚಿ, ಒಂದೂ ಒಡೆಯದ ಹಾಗೆ ಜಾರಿಸಿ ತೆಗೆದು ಸೆರಗಿನಲ್ಲಿ ಹಾಕಿಕೊಂಡರು. ಬಾಗಿಲು ಮುಚ್ಚಿತು.

ಒಳಗಿನದನ್ನು ಹೆಚ್ಚು ಬರೆಯಲಾರೆ. ಸೊಂಟದ ಕೆಳಗೆ ಮೈ ಇರಲಿಲ್ಲ, ಕಣ್ಣ ಮುಂದೆ ಹಸಿರು ಪರದೆ ಇತ್ತು, ಯಂತ್ರ ನನ್ನ ಬೆರಳಿನಿಂದ ಏನನ್ನೋ ಕೇಳಿಕೊಂಡು ಬೀಪ್ ಅನ್ನುತ್ತಿತ್ತು. ಅದು ನಿಲ್ಲದಿರಲಿ ಎಂದಷ್ಟೇ ನನ್ನ ಪ್ರಾರ್ಥನೆ. ಆಮೇಲೆ ಅಳು ಕೇಳಿತು. ಕೂಸಿನ ಅಳು. ಹೆಣ್ಣು ಎಂದು ತೋರಿಸಿ ಹೊರಗೆ ಕೊಂಡೊಯ್ದರು.

ನನ್ನನ್ನು ಸ್ಟ್ರೆಚರ್ ಗಾಡಿಯ ಮೇಲೆ ಹೊರಗೆ ತಂದಾಗ ಮೊದಲು ಹುಡುಕಿದ್ದು ಕೂಸನ್ನು. ಬಾಗಿಲ ಎದುರಿನ ಬೆಂಚಿನ ಮೇಲೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟೊಂದು ಕಂಡಿತು. ಅದನ್ನು ಎದೆಗೆ ಅವಚಿಕೊಂಡ ಎರಡು ಕೈಗಳ ತುಂಬ ಹಸಿರು ಬಳೆಗಳಿದ್ದವು. ಇವು ಯಾರ ಕೈ ಎಂದು ನನಗೆ ತಿಳಿಯಲಿಲ್ಲ. ಆ ಕೈಗಳಲ್ಲಿ ಬಳೆಯನ್ನು ನಾನು ಎಂದೂ ನೋಡಿರಲಿಲ್ಲ. ಮುಖ ನೋಡಿದೆ. ಅತ್ತೆ.

ನಾನು ಕೇಳುವ ಮೊದಲೇ ಅವರು ತಪ್ಪು ಮಾಡಿದವರಂತೆ ಹೇಳತೊಡಗಿದರು. "ಬಳಿ ಚೀಲದಾಗ ಸುಮ್ನ ಇಡಾಕ ಮನಸ್ಸು ಒಪ್ಪಲಿಲ್ಲವ್ವ. ಹಡಿಯೂತನಕ ಕೈಯಾಗ ಇರಬೇಕು ಅಂತಾರಲ್ಲ. ಯಾರದರ ಕೈಯಾಗ ಇರಲಿ ಅಂತ ನಿಮ್ಮವ್ವಗ ಹಾಕ್ಕೊಳ್ರಿ ಅಂದೆ. ಆಕಿ ಅಂಜಿದಳು. ಅದಕ್ಕ ನಾ ಹಾಕ್ಕೊಂಡೆ."

ಆ ಆಸ್ಪತ್ರೆಯಲ್ಲಿ ನಮ್ಮೂರಿನವರು, ಮಂಠಾಳದವರು, ಚಿಟಗುಪ್ಪದವರು ಎಲ್ಲ ಬರುತ್ತಾರೆ. ಅತ್ತೆಯ ಗುರುತಿನವರು ಎಷ್ಟೋ ಜನ. ಬೋಳು ಹಣೆಯಲ್ಲಿ, ಕೈತುಂಬ ಹಸಿರು ಬಳೆ ತೊಟ್ಟು, ಅವರು ಅಷ್ಟು ಹೊತ್ತು ಎಲ್ಲರ ಕಣ್ಣೆದುರಿಗೆ ಆ ಬೆಂಚಿನ ಮೇಲೆ ಕೂತಿದ್ದರು. ಉಳಿದದ್ದನ್ನು ಅವ್ವ ಆಮೇಲೆ ಹೇಳಿದಳು. ಆಯಾ ಕೂಸನ್ನು ಹೊರಗೆ ತಂದವಳು, "ಮೊದಲ ಮುತ್ತೈದಿ ಕೈಯಾಗ ಕೊಡ್ತೀನಿ" ಎಂದು ಬಳೆ ನೋಡಿ ನೇರ ಅತ್ತೆಯ ಹತ್ತಿರ ಹೋದಳಂತೆ. ಅತ್ತೆ ಕೈ ಹಿಂದಕ್ಕೆ ತೆಗೆದು, ನಾ ಅಲ್ಲವ್ವ, ಅವರಿಗೆ ಕೊಡು ಎಂದು ಅವ್ವನನ್ನು ತೋರಿಸಿದರಂತೆ.

"ನೀ ಏನಂದಿ?" ಎಂದು ಕೇಳಿದೆ.

"ಹಿಡೀರಿ ಅಕ್ಕಾರ ಅಂದೆ" ಎಂದಳು ಅವ್ವ. "ಕೈ ತುಂಬ ಬಳಿ ಅದಾವಲ್ಲ ಅಂದೆ." ಅಷ್ಟು ಹೇಳಿ ಅವಳು ಚಹಾದ ಕಪ್ಪನ್ನು ನನ್ನ ಕೈಗೇ ಕೊಟ್ಟಳು. ಅವಳ ಬೆರಳು ನನ್ನ ಗೀರುಬಿದ್ದ ಉಗುರುಗಳ ಮೇಲೆ ಸ್ವಲ್ಪ ಹೊತ್ತು ಇತ್ತು.

ಅದಕ್ಕೂ ಮೊದಲು, ಅಂದು ನನ್ನ ಗಾಡಿಯ ಹತ್ತಿರ ನಿಂತಿದ್ದಾಗಲೇ ಅತ್ತೆ ಕೂಸನ್ನು ಅವ್ವನಿಗೆ ಕೊಟ್ಟು ಬಳೆ ತೆಗೆಯಲು ಹೋಗಿದ್ದರು. "ತಗೋ ಯವ್ವ, ನಿನ್ನವು. ಜನ ನೋಡಾಕತ್ತಾರ" ಎಂದರು. ನನ್ನ ಒಂದು ಕೈಗೆ ಸಲೈನ್ ಇತ್ತು, ಇನ್ನೊಂದು ಕೈ ಖಾಲಿಯೇ ಇತ್ತು. ಅದನ್ನು ಹೊದಿಕೆಯ ಒಳಗೆ ಸರಿಸಿಕೊಂಡೆ.

"ನನ್ನ ಕೈ ಇನ್ನಾ ಬಾತಾವ್ರಿ ಅತ್ತಿ" ಎಂದೆ. "ಸದ್ಯಕ್ಕ ನಿಮ್ಮ ಕೈಯಾಗೇ ಇರಲಿ."